ಗಾಡಿ ಕಾದ ಮೇಲೆ ಗೇರ್‌ಬಾಕ್ಸ್ ಆಯಿಲ್ ಮರೆಯಬೇಡಿ

ಹೋದ ಮೇ ತಿಂಗಳು. ನನ್ನ ಹಳೆಯ ಆಟೋಮೆಟಿಕ್ ಕಾರಿನಲ್ಲಿ ಹುಮನಾಬಾದಿನಿಂದ ಕಲಬುರಗಿಗೆ ವಾಪಸ್ ಬರುತ್ತಿದ್ದೆ. ಮಧ್ಯಾಹ್ನ ಎರಡೂವರೆ, ಎ.ಸಿ. ಫುಲ್, ಹಿಂದಿನ ಸೀಟಿನಲ್ಲಿ ಮೂರು ಜನ, ಡಿಕ್ಕಿಯಲ್ಲಿ ತೊಗರಿ ಬೇಳೆಯ ಚೀಲ. ಕಮಲಾಪುರ ಹತ್ತಿರ ಬಂತು ಅನ್ನುವಾಗ ಟೆಂಪರೇಚರ್ ಮುಳ್ಳು ಮೇಲೆ ಏರಲು ಶುರುವಾಯಿತು. ಊರು ಮುಟ್ಟಿಬಿಡೋಣ ಅಂತ ಇನ್ನೂ ಎರಡು ಕಿಲೋಮೀಟರ್ ಓಡಿಸಿದೆ. ಅದೇ ತಪ್ಪು. ನಿಲ್ಲಿಸಿ ಬಾನೆಟ್ ಎತ್ತಿದರೆ ರೇಡಿಯೇಟರಿನ ಕೆಳಗಿನ ಹೋಸ್ ಪೈಪ್ ಬಿರಿದು ಇದ್ದಬದ್ದ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಎಲ್ಲ ರಸ್ತೆ ಪಾಲಾಗಿತ್ತು. ರಸ್ತೆ ಪಕ್ಕ ಕೆಂಪು ಬಾಳೆಹಣ್ಣು ಮಾರುತ್ತಿದ್ದ ಕಾಕಾ ಒಬ್ಬರು ಅಲ್ಲಿಂದಲೇ ಕೂಗಿದರು: "ಏ ತಮ್ಮಾ, ಮುಚ್ಚಳಕ್ಕ ಕೈ ಹಚ್ಚಬ್ಯಾಡ, ಮಾರಿ ಸುಟ್ಕೋತಿ!" ಅವರು ಹೇಳದಿದ್ದರೆ ನಾನು ತೆಗೆದೇಬಿಡುತ್ತಿದ್ದೆ.

ಗಾಡಿಯನ್ನು ಎಳೆಸಿಕೊಂಡು ಬಂದು ಒಬ್ಬ ಮಿಸ್ತ್ರಿ ಹತ್ತಿರ ಬಿಟ್ಟೆ. ಹೋಸ್ ಹೊಸದು, ಥರ್ಮೋಸ್ಟಾಟ್ ಹೊಸದು, ಕೂಲಂಟ್ ಹೊಸದು. "ಇನ್ನೇನ್ ಚಿಂತಿ ಇಲ್ರಿ ಸರ್" ಅಂದ. ಗೇರ್‌ಬಾಕ್ಸ್ ಬಗ್ಗೆ ಅವನೂ ಒಂದು ಮಾತು ಆಡಲಿಲ್ಲ, ನಾನೂ ಕೇಳಲಿಲ್ಲ. ಎರಡು ವಾರ ಆದ ಮೇಲೆ ಸೇಡಂ ರಸ್ತೆಯಲ್ಲಿ ಹೋಗುವಾಗ ಎರಡರಿಂದ ಮೂರನೇ ಗೇರಿಗೆ ಬೀಳುವಾಗ ಗಾಡಿ ಒಂದು ಕ್ಷಣ ತಡೆದು ಆಮೇಲೆ ಧಡ್ ಅಂತ ಜಗ್ಗಿತು. ಮನೆಗೆ ಬಂದು ಗೇರ್‌ಬಾಕ್ಸಿನ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಎಳೆದು ನೋಡಿದೆ. ಕೆಂಪಗಿರಬೇಕಾದ ಆಯಿಲ್ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೂಗಿನ ಹತ್ತಿರ ಹಿಡಿದರೆ ತೊಗರಿ ಬೇಳೆ ತಳ ಹತ್ತಿದಾಗ ಬರುತ್ತದಲ್ಲ, ಅಂಥದೇ ವಾಸನೆ.

ಆ ಆಯಿಲನ್ನು ಮನೆಯಂಗಳದಲ್ಲೇ ಮೂರು ಸಲ ಬದಲಾಯಿಸಿದೆ. ಹೇಗೆ ಮಾಡಿದೆ, ಎಲ್ಲಿ ಎಡವಿದೆ, ಯಾವ ಪರಿಸ್ಥಿತಿಯಲ್ಲಿ ನೀವು ಇದಕ್ಕೆ ಕೈ ಹಾಕಲೇಬಾರದು, ಎಲ್ಲ ಹೇಳುತ್ತೇನೆ.

ರೇಡಿಯೇಟರಿಗೂ ಗೇರ್‌ಬಾಕ್ಸಿಗೂ ಏನು ಸಂಬಂಧ?

ಆಟೋಮೆಟಿಕ್ ಗಾಡಿಯಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಕ್ಲಚ್ ಪ್ಲೇಟ್ ಬದಲು ಟಾರ್ಕ್ ಕನ್ವರ್ಟರ್ ಅನ್ನುವ ದುಂಡನೆಯ ಡಬ್ಬಿ ಇರುತ್ತದೆ. ಅದರೊಳಗೆ ಒಂದು ಚಕ್ರ ಆಯಿಲನ್ನು ತಿರುಗಿಸುತ್ತದೆ, ಆಯಿಲ್ ಎದುರಿನ ಚಕ್ರವನ್ನು ತಿರುಗಿಸುತ್ತದೆ. ಈ ಜಾರಾಟದಲ್ಲಿ ಸಿಕ್ಕಾಪಟ್ಟೆ ಬಿಸಿ ಹುಟ್ಟುತ್ತದೆ. ಸೂಪರ್ ಮಾರ್ಕೆಟ್ ಹತ್ತಿರದ ಗದ್ದಲದಲ್ಲಿ ನಿಂತು ನಿಂತು ಹೋಗುವಾಗಂತೂ ಕೇಳಲೇಬೇಡಿ. ಆ ಬಿಸಿ ಹೊರಗೆ ಹೋಗಬೇಕಲ್ವಾ? ಅದಕ್ಕೆ ಗೇರ್‌ಬಾಕ್ಸಿನಿಂದ ಎರಡು ಸಣ್ಣ ಪೈಪು ಹೊರಟು ರೇಡಿಯೇಟರಿನ ಟ್ಯಾಂಕಿನೊಳಗೇ ಇರುವ ಒಂದು ಪುಟ್ಟ ಕೂಲರಿಗೆ ಹೋಗುತ್ತವೆ. ಒಳಗೆ ಆಯಿಲ್, ಸುತ್ತ ಕೂಲಂಟ್. ಹಳೆಯ ಗಾಡಿಗಳಲ್ಲಿ ಇದೇ ಜಾಸ್ತಿ. ಕೆಲವು ಹೊಸ ಗಾಡಿಗಳಲ್ಲಿ ಗೇರ್‌ಬಾಕ್ಸ್ ಮೇಲೆಯೇ ಕೂಲರ್ ಕೂತಿರುತ್ತದೆ, ಕೂಲಂಟ್ ಅಲ್ಲಿಗೆ ಹೋಗಿ ಬರುತ್ತದೆ. ಎರಡರಲ್ಲೂ ಕಥೆ ಒಂದೇ. ಕೂಲಂಟ್ ಖಾಲಿಯಾದರೆ ಎಂಜಿನ್ ಜೊತೆ ಗೇರ್‌ಬಾಕ್ಸೂ ಬೇಯುತ್ತದೆ. ಮೀಟರಿನಲ್ಲಿ ಎಂಜಿನ್ನಿನ ಮುಳ್ಳು ಮಾತ್ರ ಕಾಣುತ್ತದೆ, ಇದು ಕಾಣುವುದಿಲ್ಲ.

ಈ ಆಯಿಲ್ ಸಾಮಾನ್ಯವಾಗಿ 80–90 ಡಿಗ್ರಿ ಬಿಸಿಯಲ್ಲಿ ಕೆಲಸ ಮಾಡುತ್ತದೆ. ಅದಕ್ಕಿಂತ ಪ್ರತಿ 10 ಡಿಗ್ರಿ ಏರಿದಾಗ ಆಯಿಲಿನ ಆಯಸ್ಸು ಅರ್ಧ ಆಗುತ್ತದೆ ಅನ್ನುವುದು ಈ ಕಸುಬಿನವರ ಅಂದಾಜು ಲೆಕ್ಕ. 120 ಡಿಗ್ರಿ ದಾಟಿ ಓಡಿದರೆ ಒಳಗೆ ವಾರ್ನಿಶ್ ಥರದ ಅಂಟು ಪದರ ಕಟ್ಟುತ್ತದೆ, ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ. ಒಂದು ಮಧ್ಯಾಹ್ನ ಸಾಕು.

ಮೊದಲು ನಿಮ್ಮದು ಯಾವ ಆಟೋಮೆಟಿಕ್ ಅಂತ ನೋಡಿ

ಎರಡೇ ಪೆಡಲ್ ಇರುವುದೆಲ್ಲ ಒಂದೇ ಅಲ್ಲ. ನಮ್ಮ ಕಡೆ ಓಡಾಡುವ ಕಡಿಮೆ ಬೆಲೆಯ ಆಟೋಮೆಟಿಕ್‌ಗಳಲ್ಲಿ ಬಹಳಷ್ಟು ಎ.ಎಂ.ಟಿ. ಅಂದರೆ ಸಾದಾ ಮ್ಯಾನುವಲ್ ಗೇರ್‌ಬಾಕ್ಸಿಗೆ ಯಂತ್ರದ ಕೈ ಜೋಡಿಸಿದ್ದು. ಅದರಲ್ಲಿ ಇರುವುದು ಸಾದಾ ಗೇರ್ ಆಯಿಲ್, ರೇಡಿಯೇಟರಿಗೂ ಅದಕ್ಕೂ ನಂಟಿಲ್ಲ. ಎ.ಎಂ.ಟಿ. ಇದ್ದವರಿಗೆ ಈ ಬರಹದ ಮುಕ್ಕಾಲು ಪಾಲು ಬೇಡ. ಸಿ.ವಿ.ಟಿ. (ಗೇರಿನ ಬದಲು ಬೆಲ್ಟ್ ಮೇಲೆ ಓಡುವುದು) ಆದರೆ ಅದರದೇ ಬೇರೆ ಆಯಿಲ್. ಅದಕ್ಕೆ ಸಾದಾ ಎ.ಟಿ.ಎಫ್. (ಆಟೋಮೆಟಿಕ್ ಗೇರ್‌ಬಾಕ್ಸಿನ ಕೆಂಪು ಆಯಿಲ್) ಹಾಕಿದರೆ ಬೆಲ್ಟ್ ಜಾರಿ ಗೇರ್‌ಬಾಕ್ಸ್ ಹೋಗುತ್ತದೆ. ಡಿ.ಸಿ.ಟಿ. (ಎರಡು ಕ್ಲಚ್ ಇರುವುದು) ಬಗ್ಗೆ ನನ್ನ ಸಲಹೆ ಒಂದೇ: ಮನೆಯಲ್ಲಿ ಮುಟ್ಟಬೇಡಿ. ನಾನು ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ ಇರುವ, ಅದರಲ್ಲೂ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇರುವ ಗಾಡಿಯ ಬಗ್ಗೆ. ನನ್ನದು ನಾಲ್ಕು ಗೇರಿನ ಹಳೆಯ ಗಾಡಿ. ಬಾನೆಟ್ ಎತ್ತಿದರೆ ಎರಡು ಡಿಪ್‌ಸ್ಟಿಕ್ ಕಾಣುತ್ತವೆ, ಎಂಜಿನ್ನಿನದೊಂದು, ಗೇರ್‌ಬಾಕ್ಸಿನದೊಂದು. ಓನರ್ಸ್ ಮ್ಯಾನುವಲ್ ತೆಗೆದು ಯಾವುದು ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ.

ಬರೀ ಕಾದಿದೆಯೋ, ಕೂಲಂಟ್ ಬೆರೆತಿದೆಯೋ

ಎಲ್ಲಕ್ಕಿಂತ ಮುಖ್ಯ ಇದು. ಇದನ್ನು ನೋಡದೆ ಆಯಿಲ್ ತರಲು ಓಡಬೇಡಿ.

ರೇಡಿಯೇಟರಿನೊಳಗಿನ ಆ ಪುಟ್ಟ ಕೂಲರ್ ತೂತಾದರೆ ಆಯಿಲ್ ಮತ್ತು ಕೂಲಂಟ್ ಒಂದಕ್ಕೊಂದು ಸೇರುತ್ತವೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ ಆಯಿಲಿನ ಒತ್ತಡ ಜಾಸ್ತಿ, ಹಾಗಾಗಿ ಆಯಿಲ್ ಕೂಲಂಟಿಗೆ ನುಗ್ಗುತ್ತದೆ. ಗಾಡಿ ಆಫ್ ಮಾಡಿದ ತಕ್ಷಣ ಆಯಿಲಿನ ಒತ್ತಡ ಬಿದ್ದುಹೋಗುತ್ತದೆ, ಆದರೆ ಬಿಸಿ ರೇಡಿಯೇಟರಿನಲ್ಲಿ ಒತ್ತಡ ಇನ್ನೂ ಇರುತ್ತದೆ. ಆಗ ಕೂಲಂಟ್ ಆಯಿಲಿಗೆ ನುಗ್ಗುತ್ತದೆ. ಅಂದರೆ ನೀವು ಗಾಡಿ ನಿಲ್ಲಿಸಿ ಊಟಕ್ಕೆ ಕೂತಾಗ ಗೇರ್‌ಬಾಕ್ಸಿನೊಳಗೆ ನೀರು ಇಳಿಯುತ್ತಾ ಇರುತ್ತದೆ.

ಗುರುತಿಸುವುದು ಕಷ್ಟವೇನಲ್ಲ. ಗಾಡಿ ಪೂರ್ತಿ ತಣ್ಣಗಾದ ಮೇಲೆ, ಬೆಳಗ್ಗೆ ಎದ್ದ ಕೂಡಲೇ, ಕೂಲಂಟ್ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಬೆರಳು ಆಡಿಸಿ. ಜಿಡ್ಡು, ಕೆನೆಯಂಥ ಪದರ, ಕೆಂಪು ಅಥವಾ ಕಂದು ಎಣ್ಣೆ ತೇಲುತ್ತಿದ್ದರೆ ಅನುಮಾನ ಪಡಿ. ಆಮೇಲೆ ಗೇರ್‌ಬಾಕ್ಸ್ ಡಿಪ್‌ಸ್ಟಿಕ್ ಎಳೆದು ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ. ಆಯಿಲ್ ಕೆಂಪು ಅಥವಾ ಕಂದು, ಆದರೆ ಆರಪಾರ ಕಾಣುವ ಹಾಗೆ ತಿಳಿಯಾಗಿದ್ದರೆ ನೀರು ಸೇರಿಲ್ಲ ಅನ್ನಬಹುದು. ಗುಲಾಬಿ ಬಣ್ಣದ ಮಿಲ್ಕ್‌ಶೇಕ್ ಥರ ಮಬ್ಬಾಗಿ, ನೊರೆ ನೊರೆಯಾಗಿ ಇದ್ದರೆ ಕೂಲಂಟ್ ಬೆರೆತಿದೆ, ಬೇರೆ ಮಾತೇ ಇಲ್ಲ.

ಅರೆಬರೆ ಅನುಮಾನ ಇದ್ದಾಗ ಇನ್ನೊಂದು ಪರೀಕ್ಷೆ ಇದೆ. ಕೆಲಸಕ್ಕೆ ಬಾರದ ಹಳೆ ತವಾ ಒಂದನ್ನು ಕಾಯಿಸಿ, ಒಲೆಯಿಂದ ಇಳಿಸಿ ಹೊರಗೆ ತಂದು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಆಯಿಲಿನ ಒಂದೇ ಒಂದು ಹನಿ ಬಿಡಿ. ನೀರಿದ್ದರೆ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಸಿಡಿಯುತ್ತದೆ. ನೀರಿಲ್ಲದಿದ್ದರೆ ಸುಮ್ನೆ ಹರಡಿ ಹೊಗೆಯಾಡುತ್ತದೆ. ಉರಿಯುವ ಒಲೆಯ ಮೇಲೆ ಮಾತ್ರ ಇದನ್ನು ಮಾಡಬೇಡಿ, ಆ ತವಾದಲ್ಲಿ ಮತ್ತೆ ರೊಟ್ಟಿಯನ್ನೂ ಬೇಯಿಸಬೇಡಿ.

ಬೆರೆತದ್ದು ಖಾತ್ರಿಯಾದರೆ? ಗಾಡಿ ಸ್ಟಾರ್ಟ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ. ಒಳಗಿನ ಕ್ಲಚ್ ಬಿಲ್ಲೆಗಳ ಮೇಲಿನ ಪದರ ಕಾಗದದಂಥ ವಸ್ತು, ಅಂಟಿನಿಂದ ಕೂರಿಸಿರುತ್ತಾರೆ. ನೀರು ಕುಡಿದರೆ ಅದು ಉಬ್ಬುತ್ತದೆ, ಕೂಲಂಟಿನಲ್ಲಿರುವ ಗ್ಲೈಕಾಲ್ ಅಂಟನ್ನೇ ಬಿಡಿಸುತ್ತದೆ. ಅಂಥ ಗಾಡಿಗೆ ಅಂಗಳದಲ್ಲಿ ಕೂತು ಆಯಿಲ್ ಬದಲಾಯಿಸಿದರೆ ಸಾಲದು. ರೇಡಿಯೇಟರ್ ಬದಲಾಗಬೇಕು, ಪೈಪು ಮತ್ತು ಕನ್ವರ್ಟರ್ ಸಮೇತ ಇಡೀ ವ್ಯವಸ್ಥೆ ತೊಳೆಯಬೇಕು, ಜಾಸ್ತಿ ದಿನ ಓಡಿದ್ದರೆ ಗೇರ್‌ಬಾಕ್ಸ್ ಬಿಚ್ಚಲೂಬೇಕು. ಆಟೋಮೆಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಕೈ ಇಲ್ಲಿ ಸಿಗದಿದ್ದರೆ ಹೈದರಾಬಾದಿಗೆ ಎಳೆಸಿಕೊಂಡು ಹೋದರೂ ಪರವಾಗಿಲ್ಲ. ಓಡಿಸಿಕೊಂಡು ಮಾತ್ರ ಹೋಗಬೇಡಿ.

ನನ್ನ ಗಾಡಿಯಲ್ಲಿ ಬೆರೆತಿರಲಿಲ್ಲ, ಬರೀ ಬೆಂದಿತ್ತು. ಅದಕ್ಕೇ ಕೈ ಹಾಕಿದೆ.

ರೋಗ ಬಿಟ್ಟು ಆಯಿಲ್ ಹಾಕಬೇಡಿ

ಗಾಡಿ ಯಾಕೆ ಕಾಯಿತು ಅನ್ನುವುದು ಬಗೆಹರಿಯದೆ ಹೊಸ ಆಯಿಲ್ ಸುರಿದರೆ ಅದೂ ಬೇಯುತ್ತದೆ. ಹೋಸ್ ಬದಲಾಗಿದೆ ಅಂತ ಸುಮ್ನೆ ಕೂರಬೇಡಿ. ಎ.ಸಿ. ಹಾಕಿದಾಗ ರೇಡಿಯೇಟರ್ ಫ್ಯಾನ್ ತಿರುಗುತ್ತದಾ? ನಿಂತ ಗಾಡಿಯಲ್ಲಿ ಮುಳ್ಳು ಅರ್ಧದಲ್ಲಿ ಇರುತ್ತದಾ? ಮುಚ್ಚಳದ ಒಳಗಿನ ರಬ್ಬರ್ ಬಿರಿದಿಲ್ಲ ತಾನೇ? ಈ ಮುಚ್ಚಳ ಬಹಳ ಅಗ್ಗದ ವಸ್ತು, ಆದರೆ ಒತ್ತಡ ಹಿಡಿದಿಡುವುದು ಅದೇ. ಅರ್ಧ ಕೂಲಂಟ್ ಅರ್ಧ ನೀರು ಇದ್ದು ಒತ್ತಡವೂ ಸರಿ ಇದ್ದರೆ 120 ಡಿಗ್ರಿ ದಾಟುವ ತನಕ ಕುದಿಯುವುದಿಲ್ಲ. ಮುಚ್ಚಳ ಸಡಿಲವಾದರೆ ಅದಕ್ಕಿಂತ ಎಷ್ಟೋ ಮುಂಚೆ ಕುದಿಯುತ್ತದೆ.

ಇನ್ನು ನೀರು. ನನ್ನ ಗಾಡಿಯ ಹಳೆಯ ಥರ್ಮೋಸ್ಟಾಟನ್ನು ಮಿಸ್ತ್ರಿ ನನ್ನ ಕೈಗೆ ಕೊಟ್ಟಾಗ ಅದರ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪೊರೆ ಇತ್ತು. ಉಗುರಿನಿಂದ ಕೆರೆದರೆ ಪುಡಿ ಉದುರಿತು. ಹಿಂದಿನ ಮಾಲೀಕನೋ, ನಾನೋ, ಕೂಲಂಟ್ ಕಡಿಮೆಯಾದಾಗೆಲ್ಲ ಬೋರಿನ ನೀರು ತುಂಬಿದ್ದೇವೆ. ನಾನೂ ತುಂಬಿದ್ದೇನೆ, ಸುಳ್ಳು ಯಾಕೆ ಹೇಳಲಿ. ನಮ್ಮ ನೆಲ ಸುಣ್ಣದ ಕಲ್ಲಿನ ನೆಲ. ಶಹಾಬಾದಿನ ಫರ್ಸಿ (ನೆಲಕ್ಕೆ ಹಾಸುವ ಚಪ್ಪಡಿ) ಅದೇ ಕಲ್ಲು, ವಾಡಿ ಮತ್ತು ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದೇ ಕಲ್ಲಿಗೆ. ಆ ಕಲ್ಲಿನೊಳಗಿಂದ ಬಂದ ನೀರು ಗೀಜರಿನ ಕಾಯಿಲಿಗೆ ಏನು ಮಾಡುತ್ತದೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ರೇಡಿಯೇಟರಿನ ಸಣ್ಣ ಸಣ್ಣ ನಳಿಗೆಗಳಿಗೂ ಅದನ್ನೇ ಮಾಡುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ, ಐದು ಲೀಟರಿನ ಕ್ಯಾನ್ ಒಂದು ತಂದು ಮನೆಯಲ್ಲಿಡಿ. ಅಥವಾ ಮೊದಲೇ ನೀರು ಬೆರೆಸಿದ ಕೂಲಂಟ್ ತನ್ನಿ.

ಏನೇನು ತರಬೇಕು

ಆಯಿಲ್ ವಿಷಯದಲ್ಲಿ ಅಂಗಡಿಯವರ ಮಾತು ಕೇಳಬೇಡಿ. "ಇದು ಎಲ್ಲಾ ಗಾಡಿಗೂ ನಡೀತದ್ರಿ" ಅಂದರೆ ನಮಸ್ಕಾರ ಹೇಳಿ ಬನ್ನಿ. ಮ್ಯಾನುವಲ್ಲಿನಲ್ಲಿ, ಎಷ್ಟೋ ಸಲ ಡಿಪ್‌ಸ್ಟಿಕ್ ಮೇಲೆಯೇ, ಯಾವ ನಮೂನೆ ಅಂತ ಬರೆದಿರುತ್ತಾರೆ: ಎಸ್.ಪಿ. 3, ಎಸ್.ಪಿ. 4, ಡಬ್ಲ್ಯೂ.ಎಸ್., ಟಿ 4, ಡೆಕ್ಸ್ರಾನ್ 3, ಡೆಕ್ಸ್ರಾನ್ 6 ಹೀಗೆ. ಎಲ್ಲವೂ ಕೆಂಪಗೇ ಕಾಣುತ್ತವೆ, ಆದರೆ ಒಂದೇ ಅಲ್ಲ. ಡಬ್ಲ್ಯೂ.ಎಸ್. ತೆಳು, ಟಿ 4 ಅದಕ್ಕಿಂತ ದಪ್ಪ, ಒಂದರ ಜಾಗಕ್ಕೆ ಇನ್ನೊಂದು ಹಾಕುವಂತಿಲ್ಲ. ಕೆಂಪು ಅನ್ನುವುದು ಸೋರಿದರೆ ಗೊತ್ತಾಗಲಿ ಅಂತ ಹಾಕಿದ ಬಣ್ಣ ಅಷ್ಟೇ. ಬ್ರ್ಯಾಂಡ್ ಯಾವುದಾದರೂ ಇರಲಿ, ಡಬ್ಬಿಯ ಹಿಂದೆ ನಿಮ್ಮ ನಮೂನೆಯ ಹೆಸರು ಇರಬೇಕು. ಊರಲ್ಲಿ ಸಿಗದಿದ್ದರೆ ಆನ್‌ಲೈನ್ ತರಿಸಿ, ನಾಲ್ಕು ದಿನ ಕಾಯಿರಿ.

ಡ್ರೇನ್ ಬೋಲ್ಟಿನ ಹೊಸ ವಾಷರ್, ಅಳತೆ ಸರಿಯಾಗಿ ಕೂರುವ ಪಾನಾ ಅಥವಾ ಸಾಕೆಟ್, ಉದ್ದ ಸಪೂರ ಕೊಳವೆಯ ಲಾಳಿಕೆ, ಕೈಗೆ ಗ್ಲೌಸ್, ಆಯಿಲ್ ಹಿಡಿಯಲು ಅಗಲವಾದ ಹಳೆ ಪರಾತ, ಮೂರ್ನಾಲ್ಕು ಖಾಲಿ ನೀರಿನ ಬಾಟಲಿ. ಜೊತೆಗೆ ಒಂದು ಜೋಡಿ ಜ್ಯಾಕ್ ಸ್ಟ್ಯಾಂಡ್. ಅದನ್ನು ಮಾತ್ರ ಉಳಿತಾಯ ಮಾಡಬೇಡಿ. ಗಾಡಿ ಜೊತೆ ಬರುವ ಜ್ಯಾಕ್ ಚಕ್ರ ಬದಲಾಯಿಸಲಿಕ್ಕೆ ಮಾತ್ರ, ಅದರ ಭರವಸೆಯ ಮೇಲೆ ಗಾಡಿ ಕೆಳಗೆ ತಲೆ ಹಾಕಬೇಡಿ. ಕಲ್ಲು, ಇಟ್ಟಿಗೆ ಒಟ್ಟಿ ಅದರ ಮೇಲೆ ಗಾಡಿ ನಿಲ್ಲಿಸುವುದೂ ಬೇಡ.

ಗ್ಯಾರೇಜಿನಲ್ಲಿ ಕೈ ಒರೆಸುವ ಕಾಟನ್ ವೇಸ್ಟ್ ಇರುತ್ತದಲ್ಲ, ಅದನ್ನು ಈ ಕೆಲಸದ ಹತ್ತಿರ ತರಬೇಡಿ. ಅದರ ಒಂದೊಂದು ಎಳೆಯೂ ಒಳಗೆ ಹೋದರೆ ವಾಲ್ವ್ ಬಾಡಿಯ (ಆಯಿಲಿನ ಒತ್ತಡ ಹಂಚಿ ಗೇರ್ ಬದಲಿಸುವ ಭಾಗ) ಕೂದಲಿನಂಥ ದಾರಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ತೊಳೆದ ಹಳೆ ಬನಿಯನ್ ಅರಿವೆ ಒಳ್ಳೆಯದು.

ಕೆಲಸ

ನಸುಕಿನಲ್ಲಿ ಶುರು ಮಾಡಿ. ಬೇಸಿಗೆಯಲ್ಲಿ ಒಂಬತ್ತು ಗಂಟೆ ಆದ ಮೇಲೆ ಫರ್ಸಿ ಮೇಲೆ ಬೆನ್ನು ಹಚ್ಚಿ ಮಲಗಲಿಕ್ಕೆ ಆಗುವುದಿಲ್ಲ. ಅಂಗಳ ಸಮ ಇದೆಯಾ ಅಂತ ಒಂದು ತಂಬಿಗೆ ನೀರು ಚೆಲ್ಲಿ ನೋಡಿ. ನಮ್ಮ ಅಂಗಳಗಳೆಲ್ಲ ಮೋರಿ ಕಡೆಗೆ ಇಳಿಜಾರು ಇರುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಆಯಿಲ್ ಮಟ್ಟ ನೋಡಲು ಸಮ ಜಾಗ ಬೇಕೇ ಬೇಕು. ಇನ್ನೊಂದು ಮಾತು. ಮರಳಿನ ಮೇಲೆ ಹಾಸಿದ ಫರ್ಸಿ ಟೊಳ್ಳಾಗಿದ್ದರೆ ಸ್ಟ್ಯಾಂಡಿನ ಭಾರಕ್ಕೆ ಸೀಳುತ್ತದೆ, ಕೆಳಗೆ ದಪ್ಪ ಹಲಗೆ ಕೊಡಿ.

ಗಾಡಿಯನ್ನು ಹತ್ತು ನಿಮಿಷ ಓಡಿಸಿ ಬನ್ನಿ. ಆಯಿಲ್ ಬೆಚ್ಚಗಾದರೆ ಸಲೀಸಾಗಿ ಇಳಿಯುತ್ತದೆ, ತಳದ ಕೊಳೆಯನ್ನೂ ತರುತ್ತದೆ. ಪೂರ್ತಿ ಬಿಸಿ ಆಗಿದ್ದರೆ ಸ್ವಲ್ಪ ಹೊತ್ತು ಬಿಡಿ, 90 ಡಿಗ್ರಿ ಆಯಿಲ್ ಮುಂಗೈ ಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ. ಗೇರನ್ನು ಪಿ-ಗೆ (ಪಾರ್ಕ್) ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಕೂರಿಸಿದ ಮೇಲೆ ಗಾಡಿಯನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಬೀಳುವುದಿದ್ದರೆ ನೀವು ಕೆಳಗೆ ಹೋಗುವ ಮುಂಚೆ ಬೀಳಲಿ.

ಕೆಳಗೆ ಹೋಗುವ ಮೊದಲು ಮೇಲಿನ ದಾರಿ ತೆಗೆಯಿರಿ. ಡಿಪ್‌ಸ್ಟಿಕ್ ಇರುವವರಿಗೆ ಅದನ್ನು ಎಳೆದರೆ ಮುಗಿಯಿತು. ಇಲ್ಲದವರು ತುಂಬುವ ಬೋಲ್ಟ್ ಬಿಚ್ಚುತ್ತದಾ ಅಂತ ಮೊದಲು ನೋಡಬೇಕು. ಎಲ್ಲ ಆಯಿಲ್ ಕೆಳಗೆ ಬಿಟ್ಟ ಮೇಲೆ ಮೇಲಿನ ಬೋಲ್ಟ್ ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಈಗ ಡ್ರೇನ್ ಬೋಲ್ಟ್. ಎಂಜಿನ್ನಿನದಲ್ಲ, ಗೇರ್‌ಬಾಕ್ಸಿನದು. ನಗಬೇಡಿ, ಎಂಜಿನ್ ಆಯಿಲ್ ಇಳಿಸಿ ಗೇರ್‌ಬಾಕ್ಸಿಗೆ ಮೇಲಿಂದ ಹೊಸದು ಸುರಿದವರು ಇದ್ದಾರೆ. ಪಾನಾ ಹಾಕಿ ಒಂದು ಸಲ ಸಡಿಲ ಮಾಡಿದ ಮೇಲೆ ಕೈಯಿಂದ ಒಳಕ್ಕೆ ಒತ್ತಿಕೊಂಡೇ ತಿರುಗಿಸಿ, ಕೊನೆಯ ಸುತ್ತಿಗೆ ಸರಕ್ಕನೆ ಪಕ್ಕಕ್ಕೆ ಎಳೆಯಿರಿ. ನಾನು ಮೊದಲ ಸಲ ಇದನ್ನು ನಿಧಾನ ಮಾಡಿದೆ. ಆಯಿಲ್ ಮೊಣಕೈ ತನಕ ಇಳಿದು ತೋಳಿನೊಳಗೆ ಹೋಯಿತು, ಬೋಲ್ಟ್ ಕೈ ಜಾರಿ ಪರಾತದೊಳಗೆ ಬಿತ್ತು. ಪಕ್ಕದ ಮನೆಯ ಮಾಮಾ ಕಾಂಪೌಂಡ್ ಮೇಲಿಂದ ಇಣುಕಿ "ಏನ್ ಮಾಡ್ಲತ್ತೀ ತಮ್ಮಾ, ಗಾಡಿಗಿ ಎಣ್ಣಿ ಸ್ನಾನ ಏನು?" ಅಂದರು.

ಬೋಲ್ಟಿನ ತುದಿಯಲ್ಲಿ, ಇಲ್ಲವೇ ಒಳಗಿನ ಪ್ಯಾನಿನಲ್ಲಿ, ಅಯಸ್ಕಾಂತ ಇರುತ್ತದೆ. ಅದರ ಮೇಲೆ ಕಾಡಿಗೆಯಂಥ ನುಣ್ಣನೆಯ ಬೂದು ಪೇಸ್ಟ್ ಇದ್ದರೆ ಸಹಜ ಸವೆತ. ಬೆರಳಿನ ನಡುವೆ ಉಜ್ಜಿ ನೋಡಿ. ಚುಚ್ಚುವ ಚೂರು, ಮಿಂಚುವ ಸಿಪ್ಪೆ ಸಿಕ್ಕರೆ ಒಳಗೆ ಏನೋ ಮುರಿದಿದೆ, ಆಯಿಲ್ ಅದಕ್ಕೆ ಮದ್ದಲ್ಲ. ನನ್ನದರಲ್ಲಿ ಪೇಸ್ಟ್ ಮಾತ್ರ ಇತ್ತು. ಒರೆಸಿ, ಪೆಟ್ರೋಲ್ ಹಚ್ಚದೆ, ಒಣ ಅರಿವೆಯಿಂದ ಶುಚಿ ಮಾಡಿದೆ.

ಕೆಲವು ಗಾಡಿಗಳಲ್ಲಿ ಡ್ರೇನ್ ಬೋಲ್ಟೇ ಇರುವುದಿಲ್ಲ, ಕೆಳಗಿನ ಪ್ಯಾನನ್ನೇ ಇಳಿಸಬೇಕು. ಆಗ ಫಿಲ್ಟರೂ ಗ್ಯಾಸ್ಕೆಟ್ಟೂ ಹೊಸದು ಹಾಕಿ. ಪ್ಯಾನಿನ ಬೋಲ್ಟುಗಳು ಸಣ್ಣವು, ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಅಲ್ಯೂಮಿನಿಯಂನಲ್ಲಿ ಕೊರೆದ ಬೋಲ್ಟಿನ ಥ್ರೆಡ್ ಹಾಳಾದರೆ ಆ ನೋವು ದೊಡ್ಡದು. ಶಕ್ತಿ ತೋರಿಸುವ ಜಾಗ ಇದಲ್ಲ.

ಇಳಿದ ಆಯಿಲನ್ನು ಲಾಳಿಕೆ ಇಟ್ಟು ಬಾಟಲಿಗಳಿಗೆ ತುಂಬಿ ಅಳೆಯಿರಿ. ಎಷ್ಟು ಇಳಿಯಿತೋ ಅಷ್ಟೇ ಹೊಸದು ಹಾಕುವುದು, ಇದು ಮೊದಲ ಸೂತ್ರ. ನನ್ನ ಗಾಡಿಯಲ್ಲಿ ಎರಡೂವರೆ ಲೀಟರ್ ಇಳಿಯಿತು. ಮೊದಲೇ ಸೋರಿ ಕಡಿಮೆ ಇದ್ದಿದ್ದರೆ ಈ ಲೆಕ್ಕ ತಪ್ಪುತ್ತದೆ, ಅದಕ್ಕೆ ಕೆಲಸ ಶುರು ಮಾಡುವ ಮುಂಚೆಯೇ ಒಂದು ಸಲ ಮಟ್ಟ ನೋಡಿಟ್ಟುಕೊಂಡಿರಬೇಕು. ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿ ಮಾಡಿ, ಡಿಪ್‌ಸ್ಟಿಕ್ ಕೊಳವೆಯಿಂದಲೇ ನಿಧಾನಕ್ಕೆ ತುಂಬಿ. ಸಪೂರ ಕೊಳವೆ, ಅವಸರ ಮಾಡಿದರೆ ಉಕ್ಕಿ ಸೈಲೆನ್ಸರ್ ಪೈಪ್ ಮೇಲೆ ಚೆಲ್ಲುತ್ತದೆ. ಚೆಲ್ಲಿದರೆ ಒರೆಸದೆ ಸ್ಟಾರ್ಟ್ ಮಾಡಬೇಡಿ, ಕಾದ ಪೈಪ್ ಮೇಲೆ ಆಯಿಲ್ ಹೊತ್ತಿಕೊಳ್ಳಬಹುದು.

ಗಾಡಿ ಕೆಳಗಿಳಿಸಿ, ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ. ಬ್ರೇಕ್ ಬಿಡದೆ ಪಿ, ಆರ್, ಎನ್, ಡಿ, ಹೀಗೆ ಒಂದೊಂದರಲ್ಲೂ ಐದು ಸೆಕೆಂಡ್ ನಿಲ್ಲಿಸಿ ಎರಡು ಸುತ್ತು ಹೋಗಿ ಬನ್ನಿ. ಎಕ್ಸಲರೇಟರ್ ಮುಟ್ಟಬೇಡಿ. ಆಮೇಲೆ ಹದಿನೈದು ಇಪ್ಪತ್ತು ನಿಮಿಷ ಊರ ಹೊರಗೆ ಓಡಿಸಿ ಪೂರ್ತಿ ಬಿಸಿ ಮಾಡಿ ಬಂದು, ಸಮ ಜಾಗದಲ್ಲಿ, ಎಂಜಿನ್ ಓಡುತ್ತಿರುವಾಗಲೇ, ಪಿ-ಯಲ್ಲಿ ಇಟ್ಟು ಮಟ್ಟ ನೋಡಿ. ಎಂಜಿನ್ ಆಫ್ ಮಾಡಿ ನೋಡುವ ಗಾಡಿಗಳೂ ಇವೆ, ನಿಮ್ಮ ಮ್ಯಾನುವಲ್ ಏನು ಹೇಳುತ್ತದೋ ಅದೇ ಸರಿ. ಒಂದು ಸಲ ಎಳೆದು ಒರೆಸಿ, ಮತ್ತೆ ಹಾಕಿ ಎಳೆದು, ಎರಡೂ ಬದಿ ನೋಡಿ. ಕಡಿಮೆ ತೋರಿಸುವ ಬದಿಯನ್ನೇ ನಂಬಿ.

ಇಲ್ಲಿ ನಮ್ಮ ಊರಿನವರಿಗೆ ಒಂದು ತಾಪತ್ರಯ ಇದೆ. ಡಿಪ್‌ಸ್ಟಿಕ್ ಮೇಲೆ ಕೋಲ್ಡ್, ಹಾಟ್ ಅಂತ ಎರಡು ಗುರುತು ಇರುತ್ತವೆ. ಆಯಿಲ್ ಬಿಸಿಯಾದರೆ ಹಿಗ್ಗುತ್ತದೆ. ಆರು ಲೀಟರ್ ಆಯಿಲ್ 60 ಡಿಗ್ರಿ ಏರಿದರೆ ಸುಮಾರು ಕಾಲು ಲೀಟರಿನಷ್ಟು ಜಾಸ್ತಿ ಆಗುತ್ತದೆ. ಕೋಲ್ಡ್ ಗುರುತು ಹಾಕಿದವರ ಮನಸ್ಸಿನಲ್ಲಿ ಇದ್ದದ್ದು ಇಪ್ಪತ್ತು, ಮೂವತ್ತು ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿ ಸ್ಟಾರ್ಟ್ ಆಗುವ ಮುಂಚೆಯೇ 42 ದಾಟಿರುತ್ತದೆ. ಹಾಗಾಗಿ ಆ ಗುರುತನ್ನು ಬಿಟ್ಟುಬಿಡಿ, ಹಾಟ್ ಗುರುತನ್ನೇ ಹಿಡಿಯಿರಿ. ಡಿಪ್‌ಸ್ಟಿಕ್ ಇಲ್ಲದ ಗಾಡಿಗಳ ಕಥೆ ಇನ್ನೂ ಕಷ್ಟ. ಅವುಗಳಲ್ಲಿ ಹಲವಕ್ಕೆ, ಆಯಿಲ್ ಸುಮಾರು 35 ರಿಂದ 45 ಡಿಗ್ರಿ ಇರುವಾಗ ಮಟ್ಟದ ಬೋಲ್ಟ್ ತೆಗೆದು, ಉಕ್ಕುವುದು ಹನಿಹನಿಯಾಗುವ ತನಕ ಬಿಟ್ಟು ಮುಚ್ಚಬೇಕು. ಆಯಿಲಿನ ಬಿಸಿ ಎಷ್ಟು ಅಂತ ತೋರಿಸುವ ಸ್ಕ್ಯಾನರ್ ಬೇಕು. ಬೇಸಿಗೆಯಲ್ಲಿ ಆ ಬಿಸಿ ಇಲ್ಲಿ ಎಂಜಿನ್ ಹಚ್ಚುವ ಮೊದಲೇ ಬಂದುಬಿಟ್ಟಿರುತ್ತದೆ. ಅಂಥವರು ಡಿಸೆಂಬರ್ ಬೆಳಗ್ಗೆಗೆ ಕಾಯಿರಿ, ಇಲ್ಲವೇ ಗ್ಯಾರೇಜಿಗೆ ಕೊಡಿ.

ಕಡಿಮೆ ಇದ್ದರೆ ನೂರು ನೂರು ಎಂ.ಎಲ್. ಹಾಕುತ್ತಾ ನೋಡಿ. ಜಾಸ್ತಿ ಆದರೆ "ಇರಲಿ ಬಿಡು" ಅನ್ನಬೇಡಿ. ತಿರುಗುವ ಗೇರುಗಳು ಆಯಿಲನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತವೆ, ನೊರೆಗೆ ಒತ್ತಡ ಬರುವುದಿಲ್ಲ, ಗೇರ್ ಜಾರುತ್ತದೆ. ಜಾಸ್ತಿಯಾದದ್ದನ್ನು ಡಿಪ್‌ಸ್ಟಿಕ್ ಕೊಳವೆಗೆ ಸಣ್ಣ ಪೈಪ್ ಇಳಿಸಿ ದೊಡ್ಡ ಸಿರಿಂಜಿನಿಂದ ಎಳೆದು ತೆಗೆಯಬಹುದು. ನಾನು ಹಾಗೇ ತೆಗೆದೆ. ಬಾಯಿಂದ ಎಳೆಯಬೇಡಿ.

ಒಂದೇ ಸಲಕ್ಕೆ ಮುಗಿಯುವುದಿಲ್ಲ

ಎರಡೂವರೆ ಲೀಟರ್ ಇಳಿಯಿತು ಅಂದೆನಲ್ಲ, ನನ್ನ ಗೇರ್‌ಬಾಕ್ಸಿನಲ್ಲಿ ಇರುವುದು ಆರು ಲೀಟರಿಗಿಂತ ಸ್ವಲ್ಪ ಜಾಸ್ತಿ. ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲಿ, ಕೂಲರಿನಲ್ಲಿ, ಪೈಪುಗಳಲ್ಲಿ ಕೂತಿರುತ್ತದೆ. ಅಂದರೆ ಒಂದು ಸಲಕ್ಕೆ ಸುಮಾರು ನೂರಕ್ಕೆ 40 ಭಾಗ ಮಾತ್ರ ಹೊಸದು. 60 ಭಾಗ ಹಳೆಯದು ಹಾಗೇ ಉಳಿಯಿತು. ಎರಡನೇ ಸಲ ಮಾಡಿದರೆ 36, ಮೂರನೇ ಸಲಕ್ಕೆ 22 ಭಾಗಕ್ಕೆ ಇಳಿಯುತ್ತದೆ. ನಾಲ್ಕನೇ ಸಲ 13. ನಾನು ಮೂರಕ್ಕೆ ನಿಲ್ಲಿಸಿದೆ, ಅಲ್ಲಿಂದ ಮುಂದೆ ದುಡ್ಡಿಗೆ ತಕ್ಕ ಲಾಭ ಇಲ್ಲ ಅನ್ನಿಸಿತು. ನಡುನಡುವೆ ಒಂದೊಂದು ವಾರ, ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿದೆ, ಹೊಸದು ಹಳೆಯದು ಚೆನ್ನಾಗಿ ಬೆರೆಯಲಿ ಅಂತ. ಒಟ್ಟು ಏಳೂವರೆ ಲೀಟರ್ ಖರ್ಚಾಯಿತು. ಯಂತ್ರ ಹಚ್ಚಿ ಒಂದೇ ಏಟಿಗೆ ಎಲ್ಲ ಬದಲಾಯಿಸುತ್ತೇವೆ ಅನ್ನುವವರೂ ಇದ್ದಾರೆ. ಬೆಂದ ಹಳೆ ಗೇರ್‌ಬಾಕ್ಸಿಗೆ ನನಗೆ ಆ ಧೈರ್ಯ ಬರಲಿಲ್ಲ.

ಗೇರ್ ಆಗಲೇ ಪೂರ್ತಿ ಜಾರುತ್ತಿದ್ದರೆ, ಅಂದರೆ ಎಂಜಿನ್ ಕೂಗುತ್ತದೆ ಗಾಡಿ ಹೋಗುವುದಿಲ್ಲ ಅನ್ನುವ ಸ್ಥಿತಿ ಇದ್ದರೆ, ಹೊಸ ಆಯಿಲಿನಿಂದ ಅದು ಸರಿಹೋಗುತ್ತದೆ ಅನ್ನುವ ಆಸೆ ಬೇಡ. ನನ್ನದರಲ್ಲಿ ಮೊದಲ ಬದಲಾವಣೆಗೆ ಜಗ್ಗಾಟ ಅರ್ಧ ಕಡಿಮೆಯಾಯಿತು, ಎರಡನೆಯದಕ್ಕೆ ತಣ್ಣಗಿರುವಾಗ ಮಾತ್ರ ಉಳಿಯಿತು, ಮೂರನೆಯದಾದ ಮೇಲೆ ಹುಡುಕಿದರೂ ಸಿಗುತ್ತಿಲ್ಲ.

ಮೂರು ಸಲದ ಬಾಟಲಿಗಳನ್ನು ಕಾಂಪೌಂಡ್ ಗೋಡೆ ಮೇಲೆ ಸಾಲಾಗಿ ಇಟ್ಟು ನೋಡಿದೆ: ಮೊದಲನೆಯದು ಕಪ್ಪು ಚಹಾ, ಎರಡನೆಯದು ಹಳೆ ಬೆಲ್ಲ, ಮೂರನೆಯದು ದಾಳಿಂಬೆ ಸಿಪ್ಪೆಯ ಬಣ್ಣ. ಇಟ್ಟು ಒಳಗೆ ಹೋಗಿ ಕೈ ತೊಳೆದು ಬರುವಷ್ಟರಲ್ಲಿ ಪಕ್ಕದ ಮನೆಯ ಹುಡುಗ ಹೊಸ ಆಯಿಲಿನ ಬಾಟಲಿ ಹಿಡಿದು "ಶರಬತ್ ಏನ್ರಿ ಅಂಕಲ್?" ಅಂತ ಕೇಳುತ್ತಿದ್ದ. ಎದೆ ಧಸಕ್ಕೆಂದಿತು. ಹೊಸ ಎ.ಟಿ.ಎಫ್. ನೋಡಲು ಥೇಟ್ ಗುಲಾಬಿ ಶರಬತ್ತು. ನೀರಿನ ಬಾಟಲಿಗೆ ತುಂಬುವುದಾದರೆ ಮೊದಲೇ ಮಾರ್ಕರಿನಲ್ಲಿ ದೊಡ್ಡದಾಗಿ ಬರೆಯಿರಿ, ಕೈಗೆ ಸಿಗದ ಕಡೆ ಇಡಿ. ಹಳೆ ಕೂಲಂಟೂ ಅಷ್ಟೇ, ಅದು ಸಿಹಿ, ನಾಯಿ ಮೇಕೆ ನೆಕ್ಕಿದರೆ ಸಾಯುತ್ತವೆ. ಹಳೆ ಆಯಿಲನ್ನು ಮೋರಿಗೂ, ಖಾಲಿ ಸೈಟಿಗೂ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯದ ನಿಯಮಗಳಲ್ಲಿ ಇದೂ ಸೇರಿದೆ. ಹಳೆ ಆಯಿಲ್ ಬ್ಯಾರೆಲ್ ಇಟ್ಟು ಮರುಬಳಕೆಯವರಿಗೆ ಕೊಡುವ ಗ್ಯಾರೇಜ್ ನೋಡಿ ಅಲ್ಲಿಗೆ ಮುಟ್ಟಿಸಿ.

ಬಾನೆಟ್ ಒಳಗಡೆ ಒಂದು ಸ್ಟಿಕ್ಕರ್ ಅಂಟಿಸಿ ತಾರೀಕು, ಕಿಲೋಮೀಟರ್, ಆಯಿಲಿನ ನಮೂನೆ ಬರೆದಿದ್ದೇನೆ. ಒಂದು ತಿಂಗಳು ಪ್ರತಿ ಭಾನುವಾರ ಬೆಳಗ್ಗೆ ಕೂಲಂಟ್ ಡಬ್ಬಿ, ಗೇರ್‌ಬಾಕ್ಸ್ ಎರಡನ್ನೂ ನೋಡಿದೆ, ಕೂಲಂಟಿನಲ್ಲಿ ಜಿಡ್ಡು ಇಲ್ಲ, ಡಿಪ್‌ಸ್ಟಿಕ್ ಮೇಲೆ ಮಬ್ಬು ಇಲ್ಲ. ರಾತ್ರಿ ಗಾಡಿ ನಿಂತ ಜಾಗದಲ್ಲಿ ಹಳೆ ರಟ್ಟು ಹಾಸಿಟ್ಟೆ. ಮೂರನೇ ದಿನ ಒಂದು ಕೆಂಪು ಹನಿ ಕಂಡಿತು. ಡ್ರೇನ್ ಬೋಲ್ಟನ್ನು ಕಾಲು ಸುತ್ತು ಬಿಗಿ ಮಾಡಿದೆ, ಆಮೇಲೆ ರಟ್ಟು ಒಣಗೇ ಇದೆ.